ನಾಲ್ಕನೆಯ ಸಲದ ಕೂಸು

ಸಮುದ್ರದ ಬಗ್ಗೆ ಪುಸ್ತಕ ಬರೆದವನು ನಾನು. ಇಪ್ಪತ್ತೆಂಟು ತುಂಬುವವರೆಗೆ ಸಮುದ್ರದ ಮುಖ ನೋಡಿರಲಿಲ್ಲ. ಜೇವರ್ಗಿಯ ಎರೆಮಣ್ಣಿನಲ್ಲಿ ಹುಟ್ಟಿ ಬೆಳೆದವನಿಗೆ ನೀರು ಎಂದರೆ ಭೀಮಾ ಹೊಳೆ, ಇಲ್ಲವೇ ಬಾವಿ. ಹಾಗಿದ್ದೂ ಡಾಕ್ಟರೇಟಿಗೆಂದು ನಾನು ಆಯ್ದುಕೊಂಡ ವಿಷಯ ಬ್ರಿಟಿಷರ ಕಾಲದ ಪಡುವಣ ಕರಾವಳಿಯ ಬಂದೂಕು ಕಳ್ಳಸಾಗಣೆ. ಆಗ ಆಳಂದದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದಾಗ ಗಣಿತದ ಮೇಷ್ಟ್ರು, "ಏನ್ರಿ ಸರ್, ತೊಗರಿ ಹೊಲದಾಗ ಕುಂತು ಮೀನಾ ಹಿಡೀತೀರೇನ್ರಿ?" ಎಂದು ಎಲ್ಲರ ಎದುರು ನಕ್ಕರು. ನಾನೂ ನಕ್ಕೆ. ಒಳಗೊಳಗೆ ಮಾತ್ರ ನನಗೆ ಆ ವಿಷಯದ ಮೇಲೆ ವಿಪರೀತ ಹೆಮ್ಮೆಯಿತ್ತು.

ಆ ಹೆಮ್ಮೆಯಲ್ಲಿಯೇ ನಾನು ನನ್ನ ದೊಡ್ಡವ್ವನಿಗೆ, ಅಂದರೆ ಅವ್ವನ ಅಕ್ಕನಿಗೆ, ಒಂದು ಅನ್ಯಾಯ ಮಾಡಿದೆ. ಅವಳು ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಒಂದೇ ಒಂದು. ಹೊಳೆ ದಾಟುವಾಗ ತಾನು ಕಳಕೊಂಡದ್ದನ್ನು ಯಾರಾದರೂ ಬರೆದು ಇಡಬೇಕು, ಅಷ್ಟೆ. ನಾನು ಬರೆದೆ. ತಪ್ಪು ಬರೆದೆ. ಈಗ ಅದನ್ನು ಹೇಳಿ ಮುಗಿಸದೆ ಬೇರೆ ಏನು ಬರೆಯಲೂ ನನಗೆ ಕೈ ಏಳುತ್ತಿಲ್ಲ.

ಸಂಶೋಧನೆಗೆಂದು ಎರಡು ಬೇಸಿಗೆ ರಜೆಗಳನ್ನು ಗೋವಾದಲ್ಲಿ ಕಳೆದೆ. ಮೊದಲ ದಿನ ಸಮುದ್ರ ಕಂಡಾಗ ನಾನು ಮಾಡಿದ ಕೆಲಸ, ಬೊಗಸೆಯಲ್ಲಿ ನೀರು ಎತ್ತಿ ನಾಲಿಗೆಗೆ ಹಚ್ಚಿಕೊಂಡದ್ದು. ನಿಜವಾಗಿಯೂ ಉಪ್ಪು. ಪಕ್ಕದಲ್ಲಿ ಮೀನು ಆರಿಸುತ್ತಿದ್ದ ಹೆಂಗಸು ಹುಚ್ಚನನ್ನು ನೋಡುವಂತೆ ನೋಡಿದಳು. ಆಮೇಲೆ ಹಳೆಯ ದಫ್ತರಗಳ ಧೂಳಿನಲ್ಲಿ ಕೂತೆ. ಪೋರ್ತುಗೀಜ್ ಒಂದಕ್ಷರ ಬಾರದು. ನಿಘಂಟು ಹಿಡಿದು, ಬೈದುಕೊಳ್ಳುತ್ತ, ದಿನಕ್ಕೆ ಅರ್ಧ ಪುಟ ಓದಿದರೆ ಅದೇ ಹಬ್ಬ. ತಿಳಿದುಬಂದದ್ದು ಇಷ್ಟು: ಬ್ರಿಟಿಷರು ನಮ್ಮ ಜನರ ಕೈಯಲ್ಲಿ ಬಂದೂಕು ಇರಬಾರದೆಂದು ಕಾಯ್ದೆ ಮಾಡಿದ ಮೇಲೆ, ಅರಬರ ಹಾಯಿ ಹಡಗುಗಳು ಮಾಲನ್ನು ಪೋರ್ತುಗೀಜರ ಬಂದರುಗಳಲ್ಲಿ ಇಳಿಸತೊಡಗಿದವು. ಅಲ್ಲಿಂದ ಉಪ್ಪಿನ ಮೂಟೆಯಲ್ಲಿ, ಒಣಮೀನಿನ ಬುಟ್ಟಿಯಲ್ಲಿ ಅವು ಘಟ್ಟ ಹತ್ತುತ್ತಿದ್ದವು. ಒಣಮೀನಿನ ಬುಟ್ಟಿಗೆ ಕೈ ಹಾಕಿ ತಡಕಾಡುವ ಪೊಲೀಸರು ಕಡಿಮೆ. ಹಡಗು ಬದಲಾದವು, ವ್ಯಾಪಾರಿಗಳು ಬದಲಾದರು, ಬುಟ್ಟಿ ಮಾತ್ರ ಬ್ರಿಟಿಷರು ಹೋದ ಮೇಲೂ ಅದೇ ಉಳಿಯಿತು.

ಘಟ್ಟ ಹತ್ತಿದ ಮೇಲೆ ದಾರಿ ಕಾಣೆ. ದಫ್ತರಗಳು ಅಲ್ಲಿಗೆ ಬಾಯಿ ಮುಚ್ಚುತ್ತಿದ್ದವು. ನನ್ನ ಮಾರ್ಗದರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮಾಲು ಒಳನಾಡಿಗೆ ಎಲ್ಲಿ ಹೋಯಿತಪ್ಪಾ? ಅದನ್ನ ತೋರಿಸಲಿಲ್ಲ ಅಂದರೆ ನಿನ್ನ ಪ್ರಬಂಧ ಅರ್ಧ ಬೆಂದ ರೊಟ್ಟಿ," ಎಂದರು. ನಾನು ಮುಖ ಸಪ್ಪೆ ಮಾಡಿಕೊಂಡು ಊರಿಗೆ ಬಂದೆ.

ಆ ರಜೆಯ ಕೊನೆಗೆ ದೊಡ್ಡವ್ವನನ್ನು ನೋಡಲು ಹೋದೆ. ಅವಳ ಊರು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಮೇಲೆ. ಚೌಡಾಪುರದಲ್ಲಿ ಇಳಿದು, ಗಾಣಗಾಪುರಕ್ಕೆ ಹೊರಟ ಭಕ್ತರ ನೂಕುನುಗ್ಗಲಿನಲ್ಲಿ ಒಂದು ಚಹಾ ಕುಡಿದು, ಇನ್ನೊಂದು ಬಸ್ಸು ಹಿಡಿಯಬೇಕು. ಗೋವಾದಿಂದ ತಂದ ಗೋಡಂಬಿ ಚೀಲವನ್ನು ಅವಳ ಕೈಗಿಟ್ಟೆ. ಅದು ಬಸ್ಸಿನಲ್ಲಿ ಯಾರದೋ ಒಣಮೀನಿನ ಬುಟ್ಟಿಗೆ ಒತ್ತಿಕೊಂಡು ಬಂದಿತ್ತು. ಎರಡು ಸಲ ಬಿಸಿಲಿಗೆ ಹಾಕಿದ್ದರೂ ನಾತ ಹೋಗಿರಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ. ಬೈಯುತ್ತಾಳೆ ಎಂದುಕೊಂಡೆ. ದೊಡ್ಡವ್ವ ಬೈಯಲಿಲ್ಲ. ಚೀಲವನ್ನು ಮೂಗಿನ ಹತ್ತಿರ ಹಿಡಿದು ಹಾಗೇ ಕೂತುಬಿಟ್ಟಳು.

"ಇದು ಪಿಸ್ತೂಲಿನ ವಾಸನಿ ತಮ್ಮಾ," ಎಂದಳು.

"ಏನಂದಿ?"

"ಹಾವಳಿ ಟೈಮಿನ್ಯಾಗ ನಾ ತರ್ತಿದ್ನೆಲ್ಲ, ಆ ಪಿಸ್ತೂಲಿಗಿ ಇದೇ ನಾತ ಇತ್ತು. ಇದು ಏನಂತ ಇವತ್ತಿನತನಕ ಗೊತ್ತಿರಲಿಲ್ಲ ನೋಡು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾನು ಗೋವಾದ ತನಕ ಹೋಗಿ ಹುಡುಕಿದ ದಾರಿ ನನ್ನ ಅವ್ವನ ಅಕ್ಕನ ಉಡಿಯಲ್ಲಿಯೇ ಬಂದು ನಿಂತಿತ್ತು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವಳು ದೊಡ್ಡವ್ವನಾಗಿ ಕಾಣಲಿಲ್ಲ. ಆಕರವಾಗಿ ಕಂಡಳು.

ಹಾವಳಿ ಎಂದರೆ ನಿಜಾಮನ ರಾಜ್ಯದ ಕೊನೆಯ ದಿನಗಳು. ನಮ್ಮ ಕಡೆ ಜನ ಆ ವರ್ಷದ ಲೂಟಿ, ಬೆಂಕಿ, ಸಾವು ಎಲ್ಲವನ್ನೂ ಆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹೊಳೆಯ ಈಚೆ ದಂಡೆ ನಿಜಾಮನದು, ಆಚೆ ದಂಡೆ ಇಂಗ್ರಜಿ ಸೀಮೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಜನ ಹಾಗೇ ಕರೆಯುತ್ತಿದ್ದರಂತೆ. ದೊಡ್ಡವ್ವನ ಗಂಡನ ಮನೆ ಈಚೆ, ತವರು ಆಚೆ. ದೊಡ್ಡಪ್ಪ ಊರು ಕಾಯಲು ನಿಂತ ಗುಂಪಿನ ಮುಖಂಡ. ಗುಂಪಿಗೆ ಪಿಸ್ತೂಲು ಬೇಕು. ಅದು ಕರಾವಳಿಯಿಂದ ಕೈ ಬದಲಿಸುತ್ತ ದೊಡ್ಡವ್ವನ ತವರೂರಿಗೆ ಬಂದು ಮುಟ್ಟುತ್ತಿತ್ತು. ಅಲ್ಲಿಂದ ಹೊಳೆ ದಾಟಿಸಬೇಕು. ಈಚೆ ದಂಡೆಯಲ್ಲಿ ನಿಜಾಮನ ಸುಂಕದವರ ಕರೋಡಗಿರಿ ನಾಕಾ ಇತ್ತು. ಗಂಡಸರ ರುಮಾಲು ಬಿಚ್ಚಿಸಿ ನೋಡುತ್ತಿದ್ದರು. ತವರಿಗೆ ಹೋಗಿಬರುವ ಹೆಣ್ಣುಮಗಳನ್ನು ನೋಡುತ್ತಿರಲಿಲ್ಲ. ದಿನ ತುಂಬುತ್ತಿದ್ದ ಬಸುರಿಯನ್ನಂತೂ ಮುಟ್ಟುತ್ತಲೇ ಇರಲಿಲ್ಲ.

ಮುಂದಿನ ಭಾನುವಾರವೇ ಕಾಲೇಜಿನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದೆ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಪಡಸಾಲೆಯ ಗೋಡೆಗೆ ಸರಕಾರ ಕೊಟ್ಟ ತಾಮ್ರದ ಫಲಕ ತೂಗುಹಾಕಿತ್ತು. ಅವನಿದ್ದಾಗ ಆಗಸ್ಟ್ ಹದಿನೈದಕ್ಕೆ ಶಾಲೆಯವರು ಬಂದು ಕರೆದೊಯ್ದು ಖುರ್ಚಿಯಲ್ಲಿ ಕೂರಿಸಿ ಹಾರ ಹಾಕುತ್ತಿದ್ದರು. ದೊಡ್ಡವ್ವನನ್ನು ಯಾರೂ ಕರೆದದ್ದಿಲ್ಲ. ಅವಳು ಆ ದಿನ ಬಂದವರಿಗೆ ಚುರುಮುರಿ ಸುಸಲಾ ಮಾಡುತ್ತಿದ್ದಳು. ಇದನ್ನೂ ನಾನು ಆಗ ಗಮನಿಸಿರಲಿಲ್ಲ. ಈಗ ಎಲ್ಲ ಹೊಳೆಯುತ್ತದೆ, ಏನು ಪ್ರಯೋಜನ.

ನಾಲ್ಕು ಭಾನುವಾರ ಕೂತು ಹೇಳಿದಳು. ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣು ಎತ್ತದೆ. ಅವರದೊಂದು ಗುಟ್ಟಿನ ಭಾಷೆ ಇತ್ತಂತೆ. ಪಿಸ್ತೂಲಿಗೆ "ಕೂಸು." ಗುಂಡಿಗೆ "ಖಾರೀಕು." ಬಾಣಂತಿಗೆ ತಿನ್ನಲು ಕೊಡುವ ಒಣ ಖರ್ಜೂರಕ್ಕೆ ನಮ್ಮಲ್ಲಿ ಖಾರೀಕು ಎನ್ನುತ್ತಾರೆ. ತವರಿನಿಂದ ಬಸುರಿ ಬರುತ್ತಾಳೆ ಎಂದಮೇಲೆ ಕೂಸು, ಖಾರೀಕು ಎಂಬ ಮಾತು ಬಾಯಿಗೆ ಬಂದರೆ ಯಾರಿಗೆ ಸಂಶಯ? ನನಗೆ ರೋಮಾಂಚನವಾಯಿತು. ಯಾವ ದಫ್ತರದಲ್ಲೂ ಸಿಗದ ಮಾತು. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ: ಕೂಸು ಎಂದರೆ ಪಿಸ್ತೂಲು.

"ಮೊದಲನೇ ಕೂಸು ಹೊಟ್ಟಿಗಿ ಕಟ್ಕೊಂಡು ಬಂದೆ," ಎಂದಳು. "ಎರಡನೇದೂ ಹಂಗೇ. ಮೂರನೇ ಸಲ ನಾಕಾದವ, ಮುಸಲ್ಮಾನರ ಪೈಕಿ ಒಬ್ಬ ಮುದುಕ ಸಿಪಾಯಿ, ನನ್ನ ಹೊಟ್ಟಿ ನೋಡಿ, ಯವ್ವಾ, ಹಿಂಗ ಹರಗೋಲದಾಗ ಓಡ್ಯಾಡಬ್ಯಾಡ, ಕುಂತುಬಿಡು ತವರಾಗ, ಅಂದ. ಛಲೋ ಮನಷ್ಯಾ ಅಂವ."

ನಾನು ಕೇಳಿದ ಪ್ರಶ್ನೆಗಳು ಟೇಪಿನಲ್ಲಿ ಇವತ್ತಿಗೂ ಇವೆ. ಪಿಸ್ತೂಲು ಎಷ್ಟು ಉದ್ದ? ಮೇಲೆ ಯಾವ ಅಕ್ಷರ ಕೊರೆದಿದ್ದರು? ಖಾರೀಕು ಎಷ್ಟು? ಹರಗೋಲಿನ ಅಂಬಿಗನಿಗೆ ವಿಷಯ ಗೊತ್ತಿತ್ತೋ? ಆ ಬಸಿರು ಏನಾಯಿತು ದೊಡ್ಡವ್ವ ಎಂಬ ಪ್ರಶ್ನೆ ಮಾತ್ರ ಟೇಪಿನಲ್ಲಿ ಇಲ್ಲ. ಅದು ವೇಷ ಎಂದುಕೊಂಡಿದ್ದೆ. ಅವಳಿಗೆ ಒಬ್ಬನೇ ಮಗ, ಅವನು ಹಾವಳಿ ಮುಗಿದು ಐದಾರು ವರ್ಷಕ್ಕೆ ಹುಟ್ಟಿದವನು. ನನ್ನ ಅವ್ವ ಹಾವಳಿಯ ಹೊತ್ತಿಗೆ ಹನ್ನೊಂದು ವರ್ಷದ ಹುಡುಗಿ. ಅವಳು ಬದುಕಿದ್ದ ತನಕ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮನೆಯಲ್ಲಿ ಯಾರೂ ಆಡದ ಮಾತು ಇಲ್ಲವೇ ಇಲ್ಲ ಎಂದು ತಿಳಿದೆ, ಇತಿಹಾಸ ಓದಿದವನು.

ನಾಲ್ಕನೆಯ ಸಲದ ಬಗ್ಗೆ ಅವಳು ಹೇಳಿದ್ದು ಟೇಪಿನಲ್ಲಿ ಹೀಗಿದೆ. "ನಾಕನೇ ಸಲಕ್ಕ ಶ್ರಾವಣ. ಹೊಳಿ ತುಂಬಿತ್ತು. ಹರಗೋಲ ಜಾಲಿ ಬೊಡ್ಡಿಗಿ ಬಡದು ತಿರುಗಿತು. ಕೂಸು ಹೊಳ್ಯಾಗ ಹೋಯ್ತು."

ಆಮೇಲೆ ಟೇಪು ಸುಮ್ಮನೆ ತಿರುಗುತ್ತದೆ. ಮೊರದ ಸದ್ದೂ ನಿಂತಿದೆ. ಹೊರಗೆ ಒಂದು ಕೋಳಿ ಕೂಗುತ್ತದೆ. ಆಮೇಲೆ ನನ್ನ ದನಿ, ಅವಸರದ್ದು: "ಖಾರೀಕು ಉಳದ್ವಾ?"

"ಉಳದ್ವು," ಎನ್ನುತ್ತಾಳೆ.

ಅವತ್ತು ಏಳುವಾಗ ಅವಳೇ ಕೇಳಿದಳು. "ಇದು ಬುಕ್ಕಿನಾಗ ಬರ್ತದೇನು ತಮ್ಮಾ?"

"ಬರ್ತದ ದೊಡ್ಡವ್ವ."

"ಕೂಸಿಂದೂ?"

"ಕೂಸಿಂದೇ ಮುಖ್ಯ. ಅದಕ್ಕಾಗಿನೇ ಈ ಬುಕ್ಕು."

ಅವಳ ಕಣ್ಣು ತುಂಬಿ ಬಂತು. ಎರಡೂ ಕೈಯಿಂದ ನನ್ನ ಮುಖ ಸವರಿ ತನ್ನ ಕಿವಿಯ ಮೇಲೆ ಲಟಕ್ಕನೆ ನೆಟಿಗೆ ಮುರಿದಳು. "ನಲವತ್ತು ವರ್ಷ ಆತು, ಇದನ್ನ ಯಾರ ಮುಂದನೂ ಅಂದಿದ್ದಿಲ್ಲ ಯಪ್ಪಾ," ಎಂದಳು. ಹಳ್ಳಿಯ ಹೆಂಗಸು, ಪುಸ್ತಕದಲ್ಲಿ ಬರುತ್ತೇನೆಂದು ಖುಷಿಪಟ್ಟಳು ಎಂದುಕೊಂಡು ನಾನು ಚೌಡಾಪುರದ ಬಸ್ಸು ಹತ್ತಿದೆ.

ಡಿಗ್ರಿ ಬಂತು. ಪ್ರಬಂಧ ಪುಸ್ತಕವೂ ಆಯಿತು. ಮಾರ್ಗದರ್ಶಕರು ಬೆನ್ನು ತಟ್ಟಿದರು, ಗಣಿತದ ಮೇಷ್ಟ್ರು ಪೇಢೆ ಹಂಚಿಸಿದರು. ಕೊನೆಯ ಅಧ್ಯಾಯದಲ್ಲಿ ಕರಾವಳಿಯಿಂದ ಭೀಮೆಯ ತನಕದ ದಾರಿಯನ್ನು ತೋರಿಸಿದ್ದೇ ದೊಡ್ಡ ಸಾಧನೆ ಎಂದು ಎಲ್ಲರೂ ಹೊಗಳಿದರು. ನಾನು ಒಂದು ಪ್ರತಿ, ಒಂದು ಡಬ್ಬಿ ಪೇಢೆ ಹಿಡಿದು ದೊಡ್ಡವ್ವನ ಮನೆಗೆ ಹೋದೆ.

ಬೆಳಗಿನ ಹೊತ್ತು. ದೊಡ್ಡವ್ವ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆ ಉಟ್ಟು ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಪುಸ್ತಕ ಕೇಳುವುದಕ್ಕೆ ಹೊಸ ಸೀರೆ! ನಾನು ತಮಾಷೆ ಮಾಡಿದೆ. ಅವಳ ಸೊಸೆ ಏಳನೆಯ ಇಯತ್ತೆ ಓದಿದವಳು. ನಾನು ಓದಿದರೆ ಸಂಕೋಚ ಎಂದು ಪುಸ್ತಕವನ್ನು ಅವಳ ಕೈಗೆ ಕೊಟ್ಟು ಆ ಪುಟ ತೆಗೆದುಕೊಟ್ಟೆ. ಅವಳು ಶಾಲೆಯಲ್ಲಿ ಓದಿದಂತೆ ರಾಗ ಎಳೆದು ಓದತೊಡಗಿದಳು.

"ಗರ್ಭಿಣಿಯ ವೇಷದಲ್ಲಿ ಆ ಮಹಿಳೆಯು..."

"ವೇಷ ಅಲ್ಲ," ಎಂದಳು ದೊಡ್ಡವ್ವ. ಮೆತ್ತಗೆ, ಮಕ್ಕಳ ತಪ್ಪು ತಿದ್ದುವಂತೆ. "ಇರ್ಲಿ. ಮುಂದ ಓದು."

ಸೊಸೆ ಓದಿದಳು. "ನಾಲ್ಕನೆಯ ಸಲ ಒಂದು ಪಿಸ್ತೂಲು ಹೊಳೆಯಲ್ಲಿ ಬಿದ್ದು ಕಳೆದುಹೋಯಿತು. ಈ ಒಂದು ನಗಣ್ಯ ನಷ್ಟವನ್ನು ಬಿಟ್ಟರೆ ಸಾಗಣೆಯು ಸಂಪೂರ್ಣ ಯಶಸ್ವಿಯಾಗಿತ್ತು."

"ನಗಣ್ಯ ಅಂದ್ರ?" ಎಂದು ದೊಡ್ಡವ್ವ ಕೇಳಿದಳು.

ಸೊಸೆಗೆ ಗೊತ್ತಿರಲಿಲ್ಲ, ನನ್ನ ಮುಖ ನೋಡಿದಳು. "ಲೆಕ್ಕಕ್ಕ ಹಿಡೀಲಾರದ್ದು," ಎಂದೆ.

ದೊಡ್ಡವ್ವ ಎದ್ದಳು. ಒಳಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ, ಕಟ್ಟೆಯ ಕಂಬ ಹಿಡಿದು ನಿಂತಳು. "ಪಿಸ್ತೂಲು ಮುಟ್ಟಿತಲ್ಲ ತಮ್ಮಾ," ಎಂದಳು. "ಪಿಸ್ತೂಲಿಗಿ ಏನೂ ಆಗಲಿಲ್ಲ. ಹೋಗಿದ್ದು ನನ್ನ ಕೂಸು. ನಾ ಹಡದದ್ದು."

ಸೊಸೆ ಪುಸ್ತಕ ಮುಚ್ಚಿದಳು. ನಾನು ಏನೋ ಹೇಳಲು ಹೋದೆ. ಗುಟ್ಟಿನ ಮಾತು, ಗೊತ್ತಾಗಲಿಲ್ಲ, ಎಂದು ಏನೇನೋ. ಅವಳು ಕೇಳಿಸಿಕೊಳ್ಳಲಿಲ್ಲ. ಆಗ ಹೇಳಿದಳು, ಟೇಪಿಗೆ ಹೇಳದಿದ್ದದ್ದನ್ನೆಲ್ಲ.

ಮೂರನೆಯ ಸಲದ ನಂತರ ಅವಳು ತವರಿನಲ್ಲಿ ಹಡೆದಳು. ಹೆಣ್ಣು. ಲಿಂಗ ಕಟ್ಟಿಸಿದರು. ಹೆಸರಿಡಲು ನಮ್ಮಲ್ಲಿ ಸೋದರತ್ತೆ ಬೇಕು, ಕೂಸಿನ ಕಿವಿಯಲ್ಲಿ ಅವಳೇ ಹೆಸರು ಹೇಳಬೇಕು. ಹಾವಳಿಯಲ್ಲಿ ಸೋದರತ್ತೆ ಹೊಳೆ ದಾಟಿ ಬರಲು ಆಗಲಿಲ್ಲ. ಹೀಗಾಗಿ ಹೆಸರಿಲ್ಲದೆ ಕೂಸು ಎಂದೇ ಉಳಿಯಿತು. ಹೆಸರು ಒಂದು ಇದ್ದಿದ್ದರೆ ನಾನು ಬರೆದದ್ದು ಬೇರೆಯೇ ಆಗುತ್ತಿತ್ತು.

ಕೂಸಿಗೆ ಇಪ್ಪತ್ತು ದಿನ ಆಗಿದ್ದಾಗ ಹೊಳೆಯ ಈಚೆಯಿಂದ ದೊಡ್ಡಪ್ಪ ಹೇಳಿಕಳಿಸಿದ. "ಕೂಸು ಲಗೂ ಕಳಸ್ರಿ." ಅಷ್ಟೇ ಮಾತು. ದೊಡ್ಡವ್ವನ ಅಪ್ಪ, ನನ್ನ ಅಜ್ಜ, ಅಳಿಯ ಪಿಸ್ತೂಲು ಕೇಳಿದ್ದಾನೆ ಎಂದ. ಅಜ್ಜಿ, ಅಪ್ಪನಾದವನಿಗೆ ಮಗಳ ಮುಖ ನೋಡುವ ಆಸೆ ಇರುವುದಿಲ್ಲವೇ ಎಂದಳು. ಎರಡನ್ನೂ ಕಳಿಸಿದರಾಯಿತು ಎಂದು ತೀರ್ಮಾನವಾಯಿತು. ದೊಡ್ಡವ್ವ ಅಜ್ಜಿಯ ಮಾತನ್ನೇ ನಂಬಿದಳು. ತಲೆಗೆ ಎಣ್ಣೆ ಹಚ್ಚಿಕೊಂಡು, ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಹೊರಟಳು.

"ಒಂದೇ ಕೌದ್ಯಾಗ ಸುತ್ತಿದ್ವಿ," ಎಂದಳು. "ತೆಳಗ ಪಿಸ್ತೂಲು, ಮ್ಯಾಲೆ ಕೂಸು. ಪಿಸ್ತೂಲು ಜಾರಬಾರದು ಅಂತ ಹಗ್ಗ ಹಾಕಿ ಬಿಗದು ಕಟ್ಟಿದ್ವಿ. ಕೂಸಿಗಿ ಉಸುರು ಕಟ್ಟಬಾರದು ಅಂತ ಸಡ್ಲ ಬಿಟ್ಟಿದ್ವಿ."

ಹರಗೋಲು ಜಾಲಿಯ ಬೊಡ್ಡೆಗೆ ಬಡಿದು ವಾಲಿದಾಗ ಅವಳು ಆ ಹಳೆಬಟ್ಟೆಯ ಕೌದಿಯನ್ನು ಎದೆಗೆ ಅವಚಿ ಹಿಡಿದಳು. ಹರಗೋಲು ಮತ್ತೆ ಸರಿಯಾಯಿತು. ಕೌದಿಯಲ್ಲಿ ಭಾರ ಇತ್ತು. ದೇವರು ಕಾದ ಎಂದುಕೊಂಡಳಂತೆ. ಸೆರಗು ಸರಿಸಿ ನೋಡಿದರೆ ಭಾರ ಪಿಸ್ತೂಲಿನದು. ಅಂಬಿಗ ನೀರಿಗೆ ಹಾರಿ ಮೂರು ಸಲ ಮುಳುಗಿ ಎದ್ದ. ಕೆಂಪು ನೀರು, ಸೆಳೆತ. ಏನೂ ಸಿಗಲಿಲ್ಲ.

"ಒದರಲಿಲ್ಲೇನು ದೊಡ್ಡವ್ವ?" ಎಂದು ನಾನು ಕೇಳಿದೆ.

"ಹ್ಯಾಂಗ ಒದರಲಿ? ದಂಡಿ ಮ್ಯಾಲೆ ನಾಕಾ. ಕೂಸು ಹೋಯ್ತು ಅಂತ ಅತ್ರ, ಕೌದ್ಯಾಗ ಏನದ ಅಂತ ನೋಡ್ತಾರ. ಊರಾಗ ಗುಂಪಿನ ಹದಿನೆಂಟು ಮಂದಿ ಗಂಡಸರು. ಅವ್ರ ಹೆಂಡ್ರು ಮಕ್ಕಳು. ನಾ ಬಾಯಿಗಿ ಸೆರಗ ತುರ್ಕೊಂಡೆ. ಆ ಕೌದಿನೇ ಎದಿಗಿ ಹಿಡ್ಕೊಂಡು, ತಟ್ಟಿಕೋತ ನಾಕಾ ದಾಟಿದೆ. ಆ ಮುದುಕ ಸಿಪಾಯಿ ಇದ್ನಲ್ಲ, ಅಂವ ಅಂದ, ಕೂಸಿಗಿ ಥಂಡಿ ಹತ್ತೀತು ಯವ್ವಾ, ಛಲೋತಂಗ ಹೊಚ್ಚು, ಲಗೂ ಮನಿಗಿ ನಡಿ. ನಾ ಹೂಂ ಅಂದೆ."

ಸೊಸೆ ಅಳುತ್ತಿದ್ದಳು. ದೊಡ್ಡವ್ವ ಅಳುತ್ತಿರಲಿಲ್ಲ. ಊರ ಹೊರಗಿನ ಜೋಳದ ಹೊಲದಲ್ಲಿ ದೊಡ್ಡಪ್ಪ ಕಾಯುತ್ತಿದ್ದನಂತೆ. ಅವಳು ಒಬ್ಬಳೇ ಮಾಲು ತರುತ್ತಾಳೆ, ಬಾಣಂತಿಯಾದರೂ ಗಟ್ಟಿ ಹೆಂಗಸು, ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು ಬರುತ್ತಾಳೆ ಎಂದೇ ಅವನ ಲೆಕ್ಕಾಚಾರ. ಅವಳು ಹತ್ತಿರ ಹೋಗಿ ಹೇಳಿದಳು, "ಕೂಸು ಹೊಳ್ಯಾಗ ಹೋಯ್ತು." ಅವನ ಮುಖ ಕಪ್ಪಿಟ್ಟಿತು. ಕೌದಿ ಕಸಿದುಕೊಂಡು ಬಿಚ್ಚಿದ. ಪಿಸ್ತೂಲು ಕಂಡಿತು. ಅವನು ನಕ್ಕ.

"'ಇಲ್ಲೇ ಅದ ಅಲ್ಲ ಬೇ ಕೂಸು,' ಅಂದ ನಿಮ್ಮ ದೊಡ್ಡಪ್ಪ. 'ಅಂಜಿಸಿಬಿಟ್ಟಿ ನನ್ನ,' ಅಂದ."

ಆಮೇಲೆ ಅವನಿಗೆ ತಿಳಿಯಿತು. ಅವಳ ಕುಪ್ಪಸ ಹಾಲಿನಿಂದ ಒದ್ದೆಯಾಗುತ್ತಿತ್ತು, ಆಗ ತಿಳಿಯಿತು. ತಿಳಿದ ಮೇಲೆ ಸಾಯುವವರೆಗೂ ಆ ದಿನದ ಮಾತು ಎತ್ತಲಿಲ್ಲ. ಮುಂದೆ ಮಗ ಹುಟ್ಟಿದಾಗಲೂ ಅವನನ್ನು ಒಮ್ಮೆಯೂ ಕೂಸು ಎಂದು ಕರೆಯಲಿಲ್ಲವಂತೆ. ದೊಡ್ಡವ್ವ ಅವನನ್ನು ದೂರಲಿಲ್ಲ. "ಅಂವಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ," ಎಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ತಿದ್ತೇನಿ ದೊಡ್ಡವ್ವ," ಎಂದೆ.

"ತಿದ್ದು. ಇನ್ನೊಂದು. ಅದು ಅಂತ ಬರೀಬ್ಯಾಡ. ಕೂಸು ಅಂದ್ರ ಎಲ್ಲಾರೂ ಅದು ಅದು ಅಂತಾರ. ಆಕಿ ಅಂತ ಬರಿ."

ಪ್ರಕಾಶಕರಿಗೆ ಬರೆದೆ. ಎರಡನೆಯ ಮುದ್ರಣದಲ್ಲಿ ನೋಡೋಣ ಎಂದರು. ಕರಾವಳಿಯ ಬಂದೂಕಿನ ಬಗೆಗಿನ ಪುಸ್ತಕಕ್ಕೆ ಎರಡನೆಯ ಮುದ್ರಣವೇ? ತಪ್ಪೋಲೆ ಅಚ್ಚು ಹಾಕಿಸಿ ಅಂಟಿಸಬಹುದಿತ್ತು. ಮಾರ್ಗದರ್ಶಕರನ್ನು ಕೇಳಿದೆ. ಅವರು ಗದ್ದ ಕೆರೆದುಕೊಂಡು, "ಆ ಒಂದು ಮಾತು ತಪ್ಪು ಅಂದರೆ, ಆಕೆ ಹೇಳಿದ ಉಳಿದ ಮಾತೂ ತಪ್ಪೇ ಏನೋ ಅಂತ ಕೇಳ್ತಾರೆ. ನಿನ್ನ ಪ್ರಮೋಷನ್ ಫೈಲು ಮೇಲೆ ಹೋಗಿದೆ. ಸ್ವಲ್ಪ ತಡಿ," ಎಂದರು. ನಾನು ತಡೆದೆ. ಅವರ ಮೇಲೆ ಹಾಕಿ ಪಾರಾಗಲು ಈಗಲೂ ಮನಸ್ಸು ಎಳೆಯುತ್ತದೆ, ಆದರೆ ತಡೆದವನು ನಾನು. ಅದಕ್ಕೆ ಹೇಡಿತನ ಎಂದೇ ಹೆಸರು. ಪ್ರಮೋಷನ್ ಬಂತು. ಅದಾದ ಮೇಲೆ ಇನ್ನೇನೋ ನೆಪ ಬಂತು.

ಹೋದಾಗಲೆಲ್ಲ ಅವಳು ಕೇಳುತ್ತಿದ್ದಳು. ಊಟಕ್ಕೆ ಬಡಿಸಿ, ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ, ಮೊಸರು ಸುರಿದು, ಆಮೇಲೆ. "ತಿದ್ದಿದೇನೋ ತಮ್ಮಾ?"

"ತಿದ್ದಾಕತ್ತೇನಿ ದೊಡ್ಡವ್ವ."

ಹೋಗುವುದನ್ನೇ ಕಡಿಮೆ ಮಾಡಿದೆ. ಚೌಡಾಪುರದಲ್ಲಿ ಇಳಿದವನು ಒಂದು ಸಲ ಚಹಾ ಕುಡಿದು ಹಾಗೇ ಆಳಂದಕ್ಕೆ ವಾಪಸು ಬಂದದ್ದೂ ಉಂಟು.

ಭೂಕಂಪ ಆದ ವರ್ಷ ಅವಳು ಹಾಸಿಗೆ ಹಿಡಿದಳು. ಸೊಸೆ ಕಾಗದ ಬರೆದು ಕರೆಸಿಕೊಂಡಳು. ಮಧ್ಯಾಹ್ನ ಮುಟ್ಟಿದೆ. ಪಡಸಾಲೆಯಲ್ಲಿ, ಆ ತಾಮ್ರದ ಫಲಕದ ಕೆಳಗೆಯೇ ಹಾಸಿಗೆ ಹಾಕಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣು ಮಾತ್ರ ಹಾಗೇ ಇದ್ದವು. ಕೈ ಹಿಡಿದುಕೊಂಡಳು. ಅವಳು ಕೇಳುವುದಕ್ಕೆ ಮೊದಲೇ ನಾನೇ ಹೇಳಿಬಿಟ್ಟೆ, "ತಿದ್ದೀನಿ ದೊಡ್ಡವ್ವ. ಹೊಸಾ ಬುಕ್ಕು ಬಂದದ."

"ಓದು," ಎಂದಳು.

ಬ್ಯಾಗಿನಲ್ಲಿ ಹಳೆಯ ಪ್ರತಿಯೇ ಇತ್ತು. ಪಾಠಕ್ಕೆಂದು ಯಾವಾಗಲೂ ಇಟ್ಟುಕೊಂಡಿರುತ್ತಿದ್ದೆ. ತೆಗೆದೆ, ಆ ಪುಟ ಬಿಡಿಸಿದೆ. ಅಚ್ಚಾದದ್ದರ ಮೇಲೆ ಕಣ್ಣಿಟ್ಟು, ಅಲ್ಲಿ ಇಲ್ಲದ್ದನ್ನು ಓದಿದೆ.

"ನಾಲ್ಕನೆಯ ಸಲ ಆ ತಾಯಿ ಇಪ್ಪತ್ತು ದಿನದ ಮಗಳನ್ನು ಎದೆಗೆ ಅವಚಿಕೊಂಡು ಹೊಳೆ ದಾಟಿದಳು. ಪಿಸ್ತೂಲು ಮುಟ್ಟಿತು. ಆಕಿ ಮುಟ್ಟಲಿಲ್ಲ."

ನನ್ನ ಹೆಗಲ ಹಿಂದೆ ಸೊಸೆ ನಿಂತಿದ್ದಳು. ಅವಳಿಗೆ ಓದಲು ಬರುತ್ತದೆ. ಪುಟವನ್ನು ನೋಡಿದಳು, ನನ್ನನ್ನು ನೋಡಿದಳು. ದೊಡ್ಡವ್ವ ಕಣ್ಣು ಮುಚ್ಚಿ ಕೇಳಿದಳು. ಅವಳ ತುಟಿ ಅಲುಗಿತು, ನಾನು ಓದಿದ್ದನ್ನು ತಾನೂ ಹೇಳಿಕೊಂಡಳು ಎಂದು ಕಾಣುತ್ತದೆ. ನನ್ನ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಸುಳ್ಳಾದರೂ ಆಗಲಿ, ಕೇಳಿದಳಲ್ಲ ಎಂದುಕೊಂಡೆ.

"ಇನ್ನೊಮ್ಮಿ ಓದು ತಮ್ಮಾ," ಎಂದಳು.

ಮತ್ತೆ ಪುಟದ ಮೇಲೆ ಕಣ್ಣಿಟ್ಟೆ. "ನಾಲ್ಕನೆಯ ಸಲ ಶ್ರಾವಣದ ಹೊಳೆಯಲ್ಲಿ ಆ ತಾಯಿ ತನ್ನ ಹಸುಗೂಸನ್ನು ಕಟ್ಟಿಕೊಂಡು ಬಂದಳು. ಪಿಸ್ತೂಲು ದಾಟಿತು. ಆಕಿ..."

ದೊಡ್ಡವ್ವ ಕಣ್ಣು ತೆರೆದಳು. ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಯ ಕಡೆ ಮಗ್ಗುಲಾದಳು.

"ಬರದದ್ದು ಆಗಿದ್ರ ಎರಡೂ ಸಲ ಒಂದೇ ಇರ್ತಿತ್ತು ತಮ್ಮಾ," ಎಂದಳು.